ಒಂದು ಚಮಚ ಎಣ್ಣೆಯ ಬೆನ್ನು ಹತ್ತಿ

ಎರಡು ಗಾಜಿನ ಲೋಟ. ಒಂದರಲ್ಲಿ ಬೆಚ್ಚನೆಯ ನೀರು, ಇನ್ನೊಂದರಲ್ಲಿ ಅಷ್ಟೇ ಬೆಚ್ಚಗಿರುವ ಶೇಂಗಾ ಎಣ್ಣೆ. ಎರಡಕ್ಕೂ ಒಂದೊಂದು ಹಿಡಿ ತುರಿದ ಗಜ್ಜರಿ ಹಾಕಿ ಅಡುಗೆಕಟ್ಟೆಯ ಮೇಲಿಟ್ಟೆ. ಮುಂದೆ ಕೂತು ನೋಡುತ್ತಾ ಇದ್ದೆ. ಹತ್ತು ನಿಮಿಷಕ್ಕೆ ನೀರು ತುಸು ಮಬ್ಬಾಗಿತ್ತು, ಅಷ್ಟೇ. ಎಣ್ಣೆ ಮಾತ್ರ ಕಣ್ಣೆದುರೇ ಬಣ್ಣ ತಿರುಗುತ್ತಿತ್ತು! ತಿಳಿಹಳದಿ ಇದ್ದದ್ದು ಹೊನ್ನಿನ ಬಣ್ಣಕ್ಕೆ ಬಂತು, ಹೊನ್ನಿನಿಂದ ಕೇಸರಿಗೆ ಹೊರಳಿತು. ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿದಾಗ ಬಟ್ಟಲಿಗೆ ಇಳಿದದ್ದು ಸಂಜೆಬಿಸಿಲಿನಂತಹ ಎಣ್ಣೆ. ಬಟ್ಟೆಯಲ್ಲಿ ಉಳಿದ ತುರಿ ಸ್ವಲ್ಪ ಬಿಳಿಚಿಕೊಂಡಿತ್ತು.

ಆ ಬಣ್ಣದ ಹೆಸರು ಬೀಟಾ ಕ್ಯಾರೊಟಿನ್. ನಮ್ಮ ದೇಹ ವಿಟಮಿನ್ ‘ಎ’ ತಯಾರಿಸಿಕೊಳ್ಳಲು ಬಳಸುವ ಕಚ್ಚಾ ಮಾಲು. 100 ಗ್ರಾಂ ಹಸಿ ಗಜ್ಜರಿಯಲ್ಲಿ ಅದು ಇರುವುದು ಸುಮಾರು 8 ಮಿಲಿಗ್ರಾಂ. ಚಿಟಿಕೆಗೂ ಸಿಗದಷ್ಟು ಕಡಿಮೆ! ಅಷ್ಟರಿಂದಲೇ ಲೋಟದ ಎಣ್ಣೆಯೆಲ್ಲ ಬಣ್ಣ ಪಡೆಯಿತು. ಆದರೆ ನೀರಿನಲ್ಲಿ ಅದು ಕರಗುವುದೇ ಇಲ್ಲ. ನನ್ನ ಎದೆ ಝಲ್ಲೆಂದದ್ದು ಇಲ್ಲೇ. ಬಾಯೊಳಗಿನ ಜೊಲ್ಲು ನೀರು, ಜಠರದ ರಸ ನೀರು, ಕರುಳಿನೊಳಗೂ ನೀರೇ. ಹಾಗಾದರೆ ಇಷ್ಟು ದಿನ ಎಣ್ಣೆ ಸೋಕಿಸದೆ ತಿಂದ ಹಸಿ ತರಕಾರಿಯ ಬಣ್ಣವೆಲ್ಲ ಎಲ್ಲಿಗೆ ಹೋಯಿತು?

ಯಾಕೆಂದರೆ ಕಳೆದ ಒಂದು ವರ್ಷ ನಮ್ಮ ಮನೆಯಲ್ಲಿ ಎಣ್ಣೆ ಅಂದರೆ ಹೆದರಿಕೆ. ಕೋಸಂಬರಿಗೆ ಒಗ್ಗರಣೆ ನಿಂತಿತ್ತು. ಸವತೆಕಾಯಿ, ಟೊಮೆಟೊ, ಗಜ್ಜರಿ ಹೆಚ್ಚಿ, ಅದರ ಮೇಲೆ ‘ಫ್ಯಾಟ್ ಫ್ರೀ’ ಎಂದು ಬರೆದಿದ್ದ ಬಾಟಲಿಯ ಡ್ರೆಸಿಂಗ್ ಸುರಿದುಕೊಂಡು ತಿನ್ನುತ್ತಿದ್ದೆವು. ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದು ಪೂರ್ತಿ ನಂಬಿದ್ದೆವು. ಆ ಎರಡು ಲೋಟ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈ ಪ್ರಶ್ನೆಯನ್ನು ನನಗಿಂತ ಮೊದಲು ಯಾರಾದರೂ ಕೇಳಿರಲೇಬೇಕಲ್ಲ ಎಂದು ಹುಡುಕುತ್ತ ಕೂತೆ.

ಕೇಳಿದ್ದರು! ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಅದು. ಓದುತ್ತ ಹೋದಂತೆ ಕುರ್ಚಿಯ ತುದಿಗೆ ಬಂದುಬಿಟ್ಟಿದ್ದೆ. ಇದ್ದವರು ಬರೀ ಏಳು ಜನ. ಅವರಿಗೆ ಕೊಟ್ಟದ್ದು ಪಾಲಕ್, ಲೆಟ್ಯೂಸ್ ಎಲೆ, ಪುಟ್ಟ ಟೊಮೆಟೊ, ಗಜ್ಜರಿಯ ಸಲಾಡ್. ಮೂರು ಸಲವೂ ಅದೇ ಸಲಾಡ್, ಬದಲಾದದ್ದು ಡ್ರೆಸಿಂಗ್ ಒಂದೇ. ಒಂದು ಸಲ ಅದರಲ್ಲಿ ಎಣ್ಣೆಯೇ ಇಲ್ಲ, ಒಂದು ಸಲ 6 ಗ್ರಾಂ, ಒಂದು ಸಲ 28 ಗ್ರಾಂ. ತಿಂದ ಮೇಲೆ ಹನ್ನೆರಡು ಗಂಟೆಗಳ ಕಾಲ, ಗಂಟೆಗೊಮ್ಮೆ ರಕ್ತ ತೆಗೆದು, ತರಕಾರಿಯ ಬಣ್ಣ ಅದರಲ್ಲಿ ಎಷ್ಟು ಬಂದಿದೆ ಎಂದು ಅಳೆದರು. ಎಣ್ಣೆ ಇಲ್ಲದ ಡ್ರೆಸಿಂಗ್ ಹಾಕಿದ ದಿನ ಬಂದದ್ದು ಹೆಚ್ಚುಕಡಿಮೆ ಸೊನ್ನೆ! ಗಜ್ಜರಿಯ ಕ್ಯಾರೊಟಿನ್ ಆಗಲಿ, ಟೊಮೆಟೊವನ್ನು ಕೆಂಪಾಗಿಸುವ ಲೈಕೊಪಿನ್ ಆಗಲಿ, ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ. 6 ಗ್ರಾಂ ಎಣ್ಣೆ ಹಾಕಿದ ದಿನ ಬಣ್ಣ ಕಾಣಿಸಿಕೊಂಡಿತು, 28 ಗ್ರಾಂ ಹಾಕಿದ ದಿನ ಇನ್ನೂ ಹೆಚ್ಚಾಯಿತು.

ತಟ್ಟೆಯೂ ಅದೇ, ತರಕಾರಿಯೂ ಅದೇ, ತಿಂದವರೂ ಅವರೇ. ಎಣ್ಣೆ ಬಂದರೆ ಬಾಗಿಲು ತೆರೆಯುತ್ತದೆ, ಬಾರದಿದ್ದರೆ ಮುಚ್ಚಿದ್ದು ಮುಚ್ಚಿದಂತೆಯೇ.

ಈ ಬಾಗಿಲು ಎಲ್ಲಿದೆ? ಅದರ ಜಾಡು ಹಿಡಿದು ಹೋದರೆ 1622ಕ್ಕೆ ಹೋಗಿ ಮುಟ್ಟುತ್ತೇವೆ. ಇಟಲಿಯ ವೈದ್ಯ ಗಾಸ್ಪರೆ ಅಸೆಲಿ, ಆಗಷ್ಟೇ ಉಂಡಿದ್ದ ನಾಯಿಯೊಂದರ ಹೊಟ್ಟೆ ಕೊಯ್ದು ನೋಡುತ್ತಿದ್ದ. ಕರುಳಿನ ಪೊರೆಯ ತುಂಬ ಬೆಳ್ಳನೆಯ ದಾರದಂತಹ ಎಳೆಗಳು! ನರವಿರಬೇಕು ಎಂದುಕೊಂಡ. ಒಂದನ್ನು ಕತ್ತರಿಸಿದಾಗ ಹಾಲಿನಂತಹ ಬಿಳಿ ದ್ರವ ಹೊರಬಂತು. ಉಂಡ ಊಟದ ಜಿಡ್ಡು ಹಾಲಿನಂತಾಗಿ ಹರಿಯುವ ನಾಳಗಳು ಅವು. ಹೊಟ್ಟೆ ಖಾಲಿ ಇರುವ ಪ್ರಾಣಿಯಲ್ಲಿ ಅವು ಬೆಳ್ಳಗೆ ಕಾಣುವುದಿಲ್ಲ. ಕಣ್ಣೆದುರೇ ಇದ್ದರೂ ಅವುಗಳ ಗುರುತು ಸರಿಯಾಗಿ ಸಿಗದೆ ಇದ್ದದ್ದು ಇದರಿಂದಲೇ.

ನಮ್ಮೊಳಗೂ ಅದೇ ವ್ಯವಸ್ಥೆ ಇದೆ. ಎಣ್ಣೆಯ ಹನಿ ಕರುಳಿಗೆ ಇಳಿಯುತ್ತಿದ್ದಂತೆ ಪಿತ್ತರಸ ಬಂದು, ಸಾಬೂನು ಜಿಡ್ಡನ್ನು ಒಡೆಯುವ ಹಾಗೆ, ಅದನ್ನು ಕಣ್ಣಿಗೆ ಕಾಣದ ಕಣಗಳಾಗಿ ಒಡೆಯುತ್ತದೆ. ಗಜ್ಜರಿಯ ಬಣ್ಣ ಆ ಕಣಗಳೊಳಗೆ ಕೂತುಬಿಡುತ್ತದೆ. ಕರುಳಿನ ಗೋಡೆಯೊಳಕ್ಕೆ ಬಂದ ಮೇಲೆ ಅಲ್ಲಿನ ಜೀವಕೋಶಗಳು ಅದನ್ನೆಲ್ಲ ಮತ್ತೆ ಗಂಟು ಕಟ್ಟುತ್ತವೆ. ಕೈಲೋಮೈಕ್ರಾನ್ ಎಂಬುದು ಆ ಗಂಟಿನ ಹೆಸರು. ಅಯೋವಾದವರು ರಕ್ತದಲ್ಲಿ ಹುಡುಕಿದ್ದು ಇದನ್ನೇ. ಅನ್ನದ ಸಕ್ಕರೆ, ಬೇಳೆಯ ಪ್ರೋಟೀನು ಕರುಳಿನಿಂದ ನೆಟ್ಟಗೆ ಯಕೃತ್ತಿಗೆ ಹೋದರೆ, ಈ ಗಂಟುಗಳು ಆ ದಾರಿಯನ್ನೇ ತುಳಿಯುವುದಿಲ್ಲ. ಅಸೆಲಿ ಕಂಡ ಬಿಳಿ ನಾಳಗಳನ್ನು ಹಿಡಿದು, ಎದೆಯೊಳಗಿಂದ ಮೇಲೇರಿ, ಕತ್ತಿನ ಎಡಬುಡದಲ್ಲಿ ರಕ್ತಕ್ಕೆ ಬಂದು ಸೇರುತ್ತವೆ. ಮಧ್ಯಾಹ್ನ ತಿಂದ ಗಜ್ಜರಿಯ ಬಣ್ಣ ಎಣ್ಣೆಯ ಬಂಡಿ ಹತ್ತಿ ಸಂಜೆಯೊಳಗೆ ಕತ್ತಿನ ತನಕ ಪ್ರಯಾಣ ಮಾಡಿರುತ್ತದೆ! ಇದು ಗೊತ್ತಾದ ದಿನದಿಂದ ಊಟವಾದ ಮೇಲೆ ಎಡಕತ್ತಿನ ಬುಡ ಮುಟ್ಟಿ ನೋಡಿಕೊಳ್ಳುವ ಅಭ್ಯಾಸವಾಗಿದೆ ನನಗೆ.

ಬಂಡಿ ಬೇರೆ, ಸರಕು ಬೇರೆ. ಇದನ್ನು ಮೊದಲು ಕಂಡವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೆಟ್ ಡೇವಿಸ್, 1913ರಲ್ಲಿ. ಅವರ ಇಲಿಗಳಿಗೆ ಹಂದಿಯ ಕೊಬ್ಬನ್ನೋ ಆಲಿವ್ ಎಣ್ಣೆಯನ್ನೋ ಸೇರಿಸಿದ ಆಹಾರ ಕೊಟ್ಟರೆ ಕೆಲವು ಕಾಲ ಬೆಳೆದು ನಿಂತುಬಿಡುತ್ತಿದ್ದವು. ಬೆಣ್ಣೆಯ ಅಥವಾ ಮೊಟ್ಟೆಯ ಜಿಡ್ಡು ಕೊಟ್ಟೊಡನೆ ಮತ್ತೆ ಬೆಳೆಯತೊಡಗುತ್ತಿದ್ದವು. ಎಲ್ಲವೂ ಜಿಡ್ಡೇ, ಆದರೆ ಬೆಣ್ಣೆಯಲ್ಲಿ ಇನ್ನೇನೋ ಇತ್ತು. ಮಾರನೆಯ ವರ್ಷ ಅವರು ಮಾಡಿದ್ದನ್ನು ಓದಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಬೆಣ್ಣೆಯ ಜಿಡ್ಡನ್ನು ಸಾಬೂನಾಗಿಸಿ, ಅದರಲ್ಲಿದ್ದ ಆ ‘ಇನ್ನೇನೋ’ ಅನ್ನು ಆಲಿವ್ ಎಣ್ಣೆಗೆ ಕುಲುಕಿ ಇಳಿಸಿದರು. ನಿನ್ನೆಯವರೆಗೆ ಕೈಲಾಗದ ಆಲಿವ್ ಎಣ್ಣೆ ಈಗ ಇಲಿಗಳನ್ನು ಬೆಳೆಸಿತು! ನನ್ನ ಅಡುಗೆಕಟ್ಟೆಯ ಲೋಟದಲ್ಲಿ ಗಜ್ಜರಿಯಿಂದ ಎಣ್ಣೆಗೆ ಬಣ್ಣ ಇಳಿದದ್ದೂ ಇದೇ ಜಾತಿಯ ವಿದ್ಯೆಯಲ್ಲವೇ? ಆ ‘ಇನ್ನೇನೋ’ ಮುಂದೆ ವಿಟಮಿನ್ ‘ಎ’ ಆಯಿತು.

1922ರಲ್ಲಿ ಕ್ಯಾಲಿಫೋರ್ನಿಯದ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬಿಬ್ಬರ ಇಲಿಗಳು ಗಬ್ಬವಾದರೂ ಮರಿ ಹಾಕುತ್ತಿರಲಿಲ್ಲ. ಲೆಟ್ಯೂಸ್ ಎಲೆ ತಿನ್ನಿಸಿದರೆ ಮರಿ ಹಾಕುತ್ತಿದ್ದವು. ಅದೇ ಗುಣ ಗೋಧಿಯ ಮೊಳಕೆಯ ಎಣ್ಣೆಯಲ್ಲೂ ಸಿಕ್ಕಿತು. ಅದೇ ವಿಟಮಿನ್ ‘ಇ’. ಸಲಾಡಿನ ಎಲೆಯಲ್ಲೂ ಅದರ ಮೇಲಿನ ಎಣ್ಣೆಯಲ್ಲೂ ಒಂದೇ ಸಂಪತ್ತು! ಇನ್ನು 1929ರಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಜಿಡ್ಡನ್ನು ಪೂರ್ತಿ ನಿಲ್ಲಿಸಿ ನೋಡಿದರು. ಚರ್ಮ ಪೊರೆ ಎದ್ದಿತು, ಬಾಲ ಹುಣ್ಣಾಯಿತು, ಕೊನೆಗೆ ಇಲಿಗಳು ಸತ್ತವು. ಲಿನೋಲಿಕ್ ಆಮ್ಲವಿರುವ ಎಣ್ಣೆ ಹನಿಗಳಷ್ಟು ಕೊಟ್ಟರೆ ಚೇತರಿಸಿಕೊಂಡವು. ಸರಕು ಹೊರುವುದಷ್ಟೇ ಎಣ್ಣೆಯ ಕೆಲಸವಲ್ಲ, ಕೆಲವು ಎಣ್ಣೆಗಳ ಮೈಯೇ ನಮಗೆ ಬೇಕು ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ.

ಇಷ್ಟು ತಿಳಿದ ಮೇಲೆ ಕಿರಾಣಿ ಅಂಗಡಿಯ ಎಣ್ಣೆಯ ಸಾಲಿನ ಮುಂದೆ ನಿಂತರೆ ಅದು ಬೇರೆಯದೇ ಲೋಕ. ಪೊಟ್ಟಣಗಳನ್ನು ಒಂದೊಂದಾಗಿ ತಿರುಗಿಸಿ ಓದಿದೆ. ಮೊದಲ ಬೆರಗು: ಶಕ್ತಿಯ ಲೆಕ್ಕದಲ್ಲಿ ಎಲ್ಲವೂ ಒಂದೇ! ಗ್ರಾಂಗೆ 9 ಕ್ಯಾಲೊರಿ, 100 ಗ್ರಾಂಗೆ 900. ಗಾಣದ್ದಿರಲಿ, ರಿಫೈನ್ಡ್ ಇರಲಿ, ದುಬಾರಿ ಆಲಿವ್ ಇರಲಿ, ‘ಲೈಟ್’ ಎಂದು ದೊಡ್ಡಕ್ಷರದಲ್ಲಿ ಬರೆದಿರಲಿ, ಒಂದು ಚಮಚ ಎಂದರೆ 40 ಕ್ಯಾಲೊರಿ. ‘ಕೊಲೆಸ್ಟರಾಲ್ ಇಲ್ಲ’ ಎಂಬ ಮಾತೂ ಹಾಗೇ. ಕೊಲೆಸ್ಟರಾಲ್ ಪ್ರಾಣಿಗಳ ದೇಹದ ಸರಕು. ಗಿಡದ ಎಣ್ಣೆ ಯಾವುದೇ ಇರಲಿ, ಅದರಲ್ಲಿ ಲೆಕ್ಕಕ್ಕೆ ಸಿಗುವಷ್ಟು ಅದು ಇರುವುದೇ ಇಲ್ಲ. ಅದನ್ನು ನೋಡಿ ಆರಿಸಿದರೆ ಏನನ್ನೂ ಆರಿಸಿದಂತಾಗುವುದಿಲ್ಲ.

ವ್ಯತ್ಯಾಸ ಇರುವುದು ಕೊಬ್ಬಿನ ಕಡ್ಡಿಗಳ ಆಕಾರದಲ್ಲಿ. ಸ್ಯಾಚುರೇಟೆಡ್ ಎನ್ನುವವು ನೆಟ್ಟನೆಯ ಕಡ್ಡಿಗಳು. ಸೀಳಿದ ಸೌದೆಯ ಹಾಗೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಹಾಗಾಗಿ ಗಟ್ಟಿ. ಅನ್‌ಸ್ಯಾಚುರೇಟೆಡ್ ಕಡ್ಡಿಗಳಿಗೆ ನಡುವೆ ಸೊಟ್ಟ ಇರುತ್ತದೆ. ಜಾಲಿ ಕಟ್ಟಿಗೆ ಒಟ್ಟಿದ ಹಾಗೆ ಎಷ್ಟು ಒಟ್ಟಿದರೂ ನಡುನಡುವೆ ಸಂದು, ಹಾಗಾಗಿ ಅವು ತೆಳ್ಳಗೆ ಹರಿಯುತ್ತವೆ. ಒಂದೇ ಸೊಟ್ಟ ಇದ್ದರೆ ಮೊನೊ, ಒಂದಕ್ಕಿಂತ ಹೆಚ್ಚಿದ್ದರೆ ಪಾಲಿ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಬಿಳಿ ಕಲ್ಲಾಗುತ್ತದಲ್ಲ, ಅದೇ ಇದಕ್ಕೆ ಸಾಕ್ಷಿ. ಅದರ 100 ಭಾಗದಲ್ಲಿ 80ಕ್ಕೂ ಹೆಚ್ಚು ನೆಟ್ಟನೆಯ ಕಡ್ಡಿ. 24 ಡಿಗ್ರಿ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಪಕ್ಕದ ಕುಸುಬೆ ಎಣ್ಣೆ ಅದೇ ಚಳಿಯಲ್ಲಿ ನೀರಿನಂತೆ ಅಲುಗಾಡುತ್ತಿರುತ್ತದೆ!

ಈ ಕುಸುಬೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಉತ್ತರ ಕರ್ನಾಟಕದ ಎರೆಹೊಲಗಳ ಎಣ್ಣೆ ಅದು. ಹಳೆಯ ತಳಿಗಳಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೇ, ಬರ್ ದಂಪತಿಯ ಇಲಿಗಳನ್ನು ಬದುಕಿಸಿದ ಅದೇ ಆಮ್ಲ. ಹುಚ್ಚೆಳ್ಳಿನಲ್ಲೂ ಅದರದ್ದೇ ಮೇಲುಗೈ. ಸೂರ್ಯಕಾಂತಿಯಲ್ಲೂ ಅರ್ಧಕ್ಕಿಂತ ಹೆಚ್ಚು. ವಿಟಮಿನ್ ‘ಇ’ ವಿಷಯಕ್ಕೆ ಬಂದರೆ ಸೂರ್ಯಕಾಂತಿ ಈ ಸಾಲಿನ ಎಲ್ಲರನ್ನೂ ಹಿಂದೆ ಹಾಕುತ್ತದೆ: 100 ಗ್ರಾಂಗೆ ಸುಮಾರು 41 ಮಿಲಿಗ್ರಾಂ, ಶೇಂಗಾ ಎಣ್ಣೆಯ ಎರಡೂವರೆ ಪಟ್ಟು. ಕೊಬ್ಬರಿ ಎಣ್ಣೆಯಲ್ಲಿ ಅದು ಇಲ್ಲವೆಂದರೂ ಸರಿ. ಶೇಂಗಾ ಎಣ್ಣೆಯದು ಹದವಾದ ಗುಣ: ಅರ್ಧದಷ್ಟು ಮೊನೊ, ಮೂರನೇ ಒಂದರಷ್ಟು ಪಾಲಿ, ಉಳಿದದ್ದು ಸ್ಯಾಚುರೇಟೆಡ್. ಕಾಯಿಸಿದರೂ ಅದು ತಡೆದುಕೊಳ್ಳುತ್ತದೆ ಎಂದು ಕರಿಯುವವರು ನಂಬುವುದಕ್ಕೆ ಕಾರಣ ಅದರ ಕಡ್ಡಿಗಳಲ್ಲೇ ಇದೆ. ಸೊಟ್ಟ ಹೆಚ್ಚಿದ್ದಷ್ಟೂ ಬಿಸಿಗೆ, ಗಾಳಿಗೆ ಬೇಗ ಕೆಡುತ್ತದೆ. ಆದರೆ ಎಳ್ಳೆಣ್ಣೆ ಇಲ್ಲೂ ಒಂದು ಅಚ್ಚರಿ ಇಟ್ಟಿದೆ! ಮೊನೊ, ಪಾಲಿ ಎರಡೂ ತಲಾ 40 ಭಾಗದ ಆಸುಪಾಸು ಇದ್ದರೂ ಅದು ಬೇಗ ಕಮಟುವುದಿಲ್ಲ. ಸೆಸಮಾಲ್ ಮತ್ತು ಅದರ ಬಂಧುಗಳಾದ ವಸ್ತುಗಳು ಕಾವಲಿಗೆ ನಿಂತಿರುತ್ತವೆ. ಉಪ್ಪಿನಕಾಯಿಯ ಭರಣಿಯ ಮೇಲೆ ಎಳ್ಳೆಣ್ಣೆ ನಿಲ್ಲಿಸುತ್ತಿದ್ದ ಅಜ್ಜಿಯರ ಕೈಗೆ ಈ ಹೆಸರು ಬೇಕಿರಲಿಲ್ಲ.

ಅಕ್ಕಿ ತೌಡಿನ ಎಣ್ಣೆಯ ಕತೆ ಇನ್ನೂ ರೋಚಕ. ಭತ್ತ ಮಿಲ್ಲಿಗೆ ಬಿದ್ದ ಗಳಿಗೆಯಿಂದಲೇ ತೌಡಿನೊಳಗಿನ ಒಂದು ಕಿಣ್ವ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಗಂಟೆಗಳೊಳಗೆ ತೌಡಿಗೆ ಬಿಸಿ ಕೊಟ್ಟು ಕಿಣ್ವವನ್ನು ಸುಮ್ಮನಾಗಿಸದಿದ್ದರೆ ಆ ಎಣ್ಣೆ ಊಟಕ್ಕೆ ಒದಗುವುದಿಲ್ಲ. ದನದ ಬಾನಿಗೆ ಹೋಗುತ್ತಿದ್ದ ತೌಡಿನಿಂದ ಒರೈಜನಾಲ್ ಇರುವ ಎಣ್ಣೆ ತೆಗೆದದ್ದು ಕಾಲದ ಜೊತೆ ಓಡಿ ಗೆದ್ದ ಓಟ.

ಅಗಸೆ ಈ ಎಲ್ಲರಿಗಿಂತ ಬೇರೆ. ಅದರ ಎಣ್ಣೆಯಲ್ಲಿ ಅರ್ಧಕ್ಕೂ ಮಿಕ್ಕಿ ಒಮೆಗಾ-3 ಜಾತಿಯ ಲಿನೋಲೆನಿಕ್ ಆಮ್ಲ. ಇದೂ ದೇಹ ತಾನೇ ತಯಾರಿಸಿಕೊಳ್ಳಲಾರದ್ದು. ಕುಸುಬೆ, ಸೂರ್ಯಕಾಂತಿ, ಶೇಂಗಾದಲ್ಲಿ ಇದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಒಲೆಯ ಮೇಲಿಟ್ಟರೆ ಕೆಟ್ಟುಹೋಗುವ ಎಣ್ಣೆ. ತಣ್ಣಗೆ, ಹಸಿಯಾಗಿ, ತರಕಾರಿಯ ಮೇಲೆ ಚಿಮುಕಿಸಲೆಂದೇ ಹುಟ್ಟಿದಂತಿದೆ. ಬೀಜವನ್ನೇ ಹುರಿದು ಕುಟ್ಟಿದ ಅಗಸಿ ಚಟ್ನಿಪುಡಿ ನನಗೆ ಇನ್ನೂ ಇಷ್ಟ, ಎಣ್ಣೆಯ ಜೊತೆ ನಾರೂ ಬರುತ್ತದೆ.

ಕೊಬ್ಬರಿ ಎಣ್ಣೆಯ ಬಗ್ಗೆ ನನ್ನ ಅನಿಸಿಕೆಯನ್ನು ನೇರವಾಗಿಯೇ ಹೇಳುತ್ತೇನೆ. ಅದು ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡ ವಿಷಯ, ಅದನ್ನು ಅಮೃತವೆಂದು ದಿನಾ ಚಮಚಗಟ್ಟಲೆ ಕುಡಿಯುವುದನ್ನು ನಾನು ಒಪ್ಪಲಾರೆ. ಆದರೆ ಕರಾವಳಿಯ ಒಗ್ಗರಣೆಯಲ್ಲಿ ಕರಿಬೇವಿನ ಜೊತೆ ಚಿಟಿಗುಟ್ಟುವ ಅರ್ಧ ಚಮಚವನ್ನು ಕಿತ್ತುಕೊಳ್ಳುವ ಮನಸ್ಸೂ ನನಗಿಲ್ಲ.

ಇನ್ನು ಬಾಟಲಿಯ ಡ್ರೆಸಿಂಗುಗಳು. ಇವು ಎಣ್ಣೆ ಮತ್ತು ಹುಳಿ ಜಗಳವಾಡದಂತೆ ಮಾಡಿದ ಸಂಧಾನ. ನೀವೇ ಮಾಡಿ ನೋಡಿ: ಸಣ್ಣ ಶೀಸೆಗೆ ಮೂರು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ ಹಾಕಿ ಜೋರಾಗಿ ಕುಲುಕಿ. ಮಜ್ಜಿಗೆಯಂತೆ ಮಂದವಾಗುತ್ತದೆ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ, ರಸ ಕೆಳಗೆ. ಈಗ ಅರ್ಧ ಚಮಚ ನುಣ್ಣಗೆ ಅರೆದ ಸಾಸಿವೆ ಸೇರಿಸಿ ಮತ್ತೆ ಕುಲುಕಿ. ನಿಲ್ಲುತ್ತದೆ! ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆ ಎಣ್ಣೆಯ ಹನಿಗಳನ್ನು ಒಂದಕ್ಕೊಂದು ಸೇರಗೊಡುವುದಿಲ್ಲ. ಮೊಟ್ಟೆಯ ಹಳದಿಯ ಲೆಸಿಥಿನ್ ಅದೇ ಕೆಲಸವನ್ನು ಇನ್ನೂ ಬಿಗಿಯಾಗಿ ಮಾಡಿದರೆ ಅದು ಮೇಯನೇಸ್. ಅಮೆರಿಕದ ಕಾನೂನಿನ ಪ್ರಕಾರ ಮೇಯನೇಸ್ ಎಂದು ಹೆಸರಿಡಬೇಕಾದರೆ ತೂಕದಲ್ಲಿ ಕನಿಷ್ಠ 65 ಭಾಗ ಎಣ್ಣೆ ಇರಬೇಕು. ಬೆಣ್ಣೆಯಂತೆ ಬೆಳ್ಳಗೆ ಕಾಣುವುದರಲ್ಲಿ ಮೂರರಲ್ಲಿ ಎರಡು ಪಾಲು ಬರೀ ಎಣ್ಣೆ! ಅಲ್ಲಿನ ರ‍್ಯಾಂಚ್ ಡ್ರೆಸಿಂಗ್ ಎರಡು ದೊಡ್ಡ ಚಮಚ ಬಡಿಸಿಕೊಂಡರೆ ಸುಮಾರು 130 ಕ್ಯಾಲೊರಿ, ಜೊತೆಗೆ ಉಪ್ಪು. ಅದನ್ನು ಹಾಕಿದ ತಟ್ಟೆಯಲ್ಲಿ ಸೊಪ್ಪಿಗಿಂತ ಅದರದ್ದೇ ಕ್ಯಾಲೊರಿ ಹೆಚ್ಚು. ‘ಫ್ಯಾಟ್ ಫ್ರೀ’ ಬಾಟಲಿಯಲ್ಲಿ ಎಣ್ಣೆ ತೆಗೆದ ಜಾಗಕ್ಕೆ ಏನು ಬಂದಿತ್ತು ಎಂದು ಹಿಂಬದಿ ಓದಿದೆ. ನೀರು, ಸಕ್ಕರೆ, ಮಂದ ಬರಿಸುವ ಗಂಜಿ, ಉಪ್ಪು. ಬಣ್ಣ ಹೊರುವ ಬಂಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು.

ಹಾಗಾದರೆ ಬಂಡಿ ಎಷ್ಟು ದೊಡ್ಡದಿರಬೇಕು? 2012ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇದನ್ನೇ 29 ಜನರಲ್ಲಿ ಅಳೆದರು. ಬೆಣ್ಣೆ, ಕೆನೋಲಾ, ಸೋಯಾ, ಈ ಮೂರನ್ನೂ 3, 8, 20 ಗ್ರಾಂ ಲೆಕ್ಕದಲ್ಲಿ ಸಲಾಡಿಗೆ ಹಾಕಿ ಕೊಟ್ಟರು. ಜಿಡ್ಡು ಹೆಚ್ಚಿದಷ್ಟೂ ಬಣ್ಣ ಹೆಚ್ಚು ಹೀರಿಕೆಯಾಯಿತು. ಆದರೆ ಮೊನೊ ಹೆಚ್ಚಿರುವ ಕೆನೋಲಾ 3 ಗ್ರಾಂನಲ್ಲೇ ಚೆನ್ನಾಗಿ ಕೆಲಸ ಮಾಡಿತು! ಈ ಕೆನೋಲಾ ಯಾರು ಗೊತ್ತೇ? ನಮ್ಮ ಸಾಸಿವೆಯ ದಾಯಾದಿ. ಕೆನಡಾದ ವಿಜ್ಞಾನಿಗಳು 1970ರ ದಶಕದಲ್ಲಿ ಸಾಸಿವೆ ಕುಲದ ಗಿಡದಿಂದ ಎರುಸಿಕ್ ಆಮ್ಲ ಕಳೆದು ಬೆಳೆಸಿದ ತಳಿ.

3 ಗ್ರಾಂ! ನಾನು ತಕ್ಕಡಿ ತಂದೆ. ಒಗ್ಗರಣೆಗೆ ಹಾಕುವ ನಮ್ಮ ಮನೆಯ ಚಮಚದಲ್ಲಿ ಹಿಡಿದದ್ದು ನಾಲ್ಕೂವರೆ ಗ್ರಾಂ. ಒಂದು ಬಟ್ಟಲು ಕೋಸಂಬರಿಗೆ ಹಾಕುವ ಹಿಡಿ ತೆಂಗಿನತುರಿ 15 ಗ್ರಾಂ ತೂಗಿತು. ಹಸಿ ಕೊಬ್ಬರಿಯಲ್ಲಿ ಮೂರನೇ ಒಂದು ಭಾಗದಷ್ಟು ಜಿಡ್ಡು, ಅಂದರೆ ಇನ್ನೊಂದು 5 ಗ್ರಾಂ. ನೆನೆಸಿದ ಹೆಸರುಬೇಳೆ, ತುರಿದ ಗಜ್ಜರಿ, ನಿಂಬೆಹುಳಿ, ಕೊತ್ತಂಬರಿ, ಮೇಲೆ ಸಾಸಿವೆಯ ಒಗ್ಗರಣೆ. ರಾಮನವಮಿಗೆ ಪಾನಕದ ಪಕ್ಕದಲ್ಲಿ ಎಲೆಯ ಮೇಲೆ ಬೀಳುವ ಆ ಒಂದು ಹಿಡಿ, ಪ್ರಯೋಗಾಲಯಗಳು ತಕ್ಕಡಿ ಹಿಡಿದು ಕಂಡುಕೊಂಡ ಅಳತೆಯ ಹತ್ತಿರಕ್ಕೇ ಬಂದು ನಿಂತಿತ್ತು! ನನ್ನ ಕೈ ರೋಮಾಂಚನದಿಂದ ನಡುಗಿತು.

ಹಾಗೆಂದು ಎಣ್ಣೆ ಸುರಿಯಲು ಇದು ಪರವಾನಗಿ ಅಲ್ಲ. 28 ಗ್ರಾಂ ಹಾಕಿದರೆ ಬಣ್ಣ ಇನ್ನಷ್ಟು ಹೀರಿಕೆಯಾಗುವುದು ನಿಜ, ಜೊತೆಗೆ 250 ಕ್ಯಾಲೊರಿಯೂ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ತನ್ನ 2024ರ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ ಎಣ್ಣೆ-ತುಪ್ಪಕ್ಕೆ ಕೊಟ್ಟ ಪಾಲು 27 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ 3,240 ಗ್ರಾಂ. ಲೀಟರ್ ಪೊಟ್ಟಣದಲ್ಲಿ ಇರುವುದು 910 ಗ್ರಾಂ, ಅಂದರೆ ಮೂರೂವರೆ ಪೊಟ್ಟಣ. ಕರಿದದ್ದಕ್ಕೆ ಅದನ್ನೆಲ್ಲ ಖರ್ಚು ಮಾಡಿ ಹಸಿ ಸೊಪ್ಪಿಗೆ ಬಂದಾಗ ಜಿಪುಣರಾಗುತ್ತೇವಲ್ಲ, ಅದು ನನ್ನನ್ನು ಈಗ ಬಹಳ ಕಾಡುತ್ತದೆ. ಬೋಂಡದಲ್ಲಿ ಇಳಿದು ಹೋದ ಎಣ್ಣೆಗೆ ಹೊರಲು ಬಣ್ಣವೇ ಇರುವುದಿಲ್ಲ.

ಕೋಸಂಬರಿಗೆ ಒಗ್ಗರಣೆ ಮರಳಿ ಬಂದ ಮೇಲೆ, ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ಚರಗ ಚೆಲ್ಲಿ, ಹೊಲದ ಬದುವಿನ ಮೇಲೆ ಊಟಕ್ಕೆ ಕೂತೆವು. ಬಿಳಿಜೋಳದ ಸುತ್ತ ಬೇಲಿಯಂತೆ ಕುಸುಬೆ ಬಿತ್ತಿದ್ದರು. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಬುತ್ತಿ ಬಿಚ್ಚಿದರು: ಸಜ್ಜಿರೊಟ್ಟಿ, ಎಣ್ಣೆಗಾಯಿ, ಹಸಿ ಮೆಂತೆಸೊಪ್ಪು, ಹಕ್ಕರಕಿ, ಗಜ್ಜರಿ, ಸವತೆಕಾಯಿ, ಗುರೆಳ್ಳು ಪುಡಿ. ನಮ್ಮವ್ವ ನನ್ನ ತಾಟಿನಲ್ಲಿ ಪುಡಿ ಹಾಕಿ, ಬೆರಳಿನಿಂದ ನಡುವೆ ಗುಣಿ ಮಾಡಿ, ಗಿಂಡಿಯಿಂದ ಕುಸುಬಿ ಎಣ್ಣೆ ಬಿಟ್ಟಳು. ಎಣ್ಣೆ ಒಂದು ಗಳಿಗೆ ಗುಣಿಯಲ್ಲಿ ಬಿಸಿಲು ಹಿಡಿದು ಹೊಳೆಯಿತು, ಆಮೇಲೆ ಪುಡಿಗೆ ಇಂಗಿತು.

“ಯವ್ವಾ, ಎಣ್ಣಿ ಯಾಕ ಹಾಕ್ತಿ?” ಅಂದೆ. ಇಷ್ಟು ದಿನ ಓದಿದ್ದೆಲ್ಲ ನಾಲಗೆಯ ತುದಿಯಲ್ಲಿತ್ತು.

“ಎಣ್ಣಿ ಇಲ್ಲದ ಸೊಪ್ಪು ಮೈಗಿ ಹತ್ತತೈತೇನ?” ಅಂದಳು, ಇನ್ನೊಂದು ಗಜ್ಜರಿ ಮುರಿದು ನನ್ನ ತಾಟಿಗಿಡುತ್ತ.